18 ತುಂಬಿದ ಮಕ್ಕಳಿರುವ ಮನೆಯವರಿಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ 18 ತುಂಬಿದ್ದರೆ ನಮೂನೆ 6 ಭರ್ತಿ ಮಾಡಿಸಿ ಮತದಾರರ ಪಟ್ಟಿಗೆ ಸೇರಿಸಿ. ಜನವರಿ 1ರವರೆಗೆ ಕಾಯಬೇಕಾಗಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳೇ, ಅಂದರೆ ಆ ದಿನಕ್ಕೆ 18 ತುಂಬಿದ್ದರೆ ಸಾಕು. 17 ದಾಟಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು. ಮೈಸೂರು, ಮಂಗಳೂರಿನ ಹಾಸ್ಟೆಲುಗಳಲ್ಲಿರುವವರು ರಜೆಗೆ ಊರಿಗೆ ಬಂದಾಗಲೇ ಮುಗಿಸಿಕೊಳ್ಳಲಿ. ಬ್ಯಾಂಕ್ ಖಾತೆಗೂ, ತೋಟದಲ್ಲಿ ಪಾಲಿದ್ದರೆ ಅದರ ಕಾಗದಪತ್ರಕ್ಕೂ ಇನ್ನು ಅವರದೇ ಸಹಿ ಬೇಕು.

ಇನ್ನೊಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. 16ರ ಹುಡುಗನ ಕೈಗೆ ಜೀಪು ಕೊಟ್ಟು ಗೋಣಿಕೊಪ್ಪದ ಸಂತೆಗೆ ಕಳಿಸುವುದು ನಿಲ್ಲಲಿ. ಕಾನೂನಿನಲ್ಲಿ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಇದೆ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ‘ನಮ್ಮ ತೋಟದ ರಸ್ತೆ ತಾನೇ’ ಎನ್ನುವವರು ಮುಖ್ಯರಸ್ತೆಗೆ ಇಳಿಯುವ ತಿರುವನ್ನು ಒಮ್ಮೆ ನೋಡಿ ಬನ್ನಿ.