ಹೊಳಪು ನೋಡಿ ತೋಟೆ ತುಂಬಬೇಡಿ

ಮಾನ್ಯರೇ,

ಕೋವಿಯ ತೋಟೆಗಳ ಬೆಲೆ ಏರಿಕೆ ಬಗ್ಗೆ ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದನ್ನು ಓದಿದೆ. ಬೆಲೆ ಜಾಸ್ತಿಯಾಗಿರುವುದು ನಿಜ. ಆದರೆ ಕೊನೆಯಲ್ಲಿ ಅವರು, ಅಮೆರಿಕದವರ ಹಾಗೆ ನಾವೂ ಹೊಳೆಯುವ ಖಾಲಿ ಕೇಸುಗಳನ್ನು (ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕವಚ) ಆರಿಸಿ ಮತ್ತೆ ಮದ್ದು ತುಂಬಿದರೆ ಆಯ್ತಲ್ವಾ ಎಂದು ಕೇಳಿದ್ದಾರೆ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧಗಳನ್ನು ನೋಡಿಕೊಳ್ಳುವ, ರಿಪೇರಿ ಮಾಡುವ ಕೆಲಸದಲ್ಲಿದ್ದವನು. ಆ 'ಹೊಳೆಯುವ' ಎಂಬ ಮಾತನ್ನು ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ಮೊದಲು ಕಾನೂನು. ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ. ನಮ್ಮ ಕೊಡಗಿಗೆ 2029ರ ತನಕ ಸಿಕ್ಕಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಮನೆಯಲ್ಲಿ ತೋಟೆ ಕಟ್ಟುವುದಕ್ಕಲ್ಲ.

ಇನ್ನು ಹಿತ್ತಾಳೆಯ ವಿಷಯ. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಈ ಅಳತೆಯಲ್ಲಿ ಅದು ಚೆನ್ನಾಗಿ ಎಳೆಯಲು ಬರುತ್ತದೆ, ಗುಂಡು ಹಾರುವಾಗ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ ಗ್ಯಾಸ್ ಹಿಂದಕ್ಕೆ ಬರದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗಿ ಸಡಿಲವಾಗುತ್ತದೆ. 7.62 ರೈಫಲ್ಲಿನಲ್ಲಿ ಆ ಒತ್ತಡ ಚದರ ಇಂಚಿಗೆ 50,000 ಪೌಂಡ್ ಆಸುಪಾಸು. ಗುರಿ ಇಟ್ಟವನ ಕಣ್ಣಿಗೂ ಆ ಒತ್ತಡಕ್ಕೂ ನಡುವೆ ಹೆಚ್ಚು ದೂರ ಇರುವುದಿಲ್ಲ.

ನನ್ನ ಸೋದರಳಿಯ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಅಲ್ಲಿ ರೀಲೋಡಿಂಗ್‌ಗೆ, ಅಂದರೆ ಖಾಲಿ ಕೇಸಿಗೆ ಮತ್ತೆ ಮದ್ದು ತುಂಬುವುದಕ್ಕೆ, ಅವಕಾಶವಿದೆ, ಅವನಿಗೆ ಅದೇ ಹುಚ್ಚು. ಅವನ ಶೆಡ್ಡಿನಲ್ಲಿ ಒಂದು ಬಕೆಟ್ ತುಂಬ ಖೋಖಾ. ಸೇನೆಯಲ್ಲಿ ಖಾಲಿ ಕೇಸಿಗೆ ನಾವು ಹಾಗೇ ಅನ್ನುವುದು. (ಫೈರಿಂಗ್ ಮುಗಿದ ಮೇಲೆ ಲೆಕ್ಕದಲ್ಲಿ ಒಂದು ಖೋಖಾ ಕಡಿಮೆ ಬಂದರೂ ಇಡೀ ಪ್ಲಟೂನ್ ಹುಲ್ಲಿನಲ್ಲಿ ಹುಡುಕಬೇಕು. ಸೇನೆಯಲ್ಲಿದ್ದವರಿಗೆ ಆ ಸಂಕಟ ಗೊತ್ತು!) ಅವನ ಖೋಖಾಗಳೆಲ್ಲ ಚಿನ್ನದ ಹಾಗೆ ಮಿಂಚುತ್ತಿದ್ದವು. ಜೋಳದ ದಿಂಡಿನ ಪುಡಿ ಹಾಕಿದ ಯಂತ್ರದಲ್ಲಿ ಕೆಲವು ಗಂಟೆ ತಿರುಗಿಸಿದರೆ ಎಂಥ ಕೇಸೂ ಮಿಂಚುತ್ತದೆ. ಒಳಗಿನ ದೋಷ ಒಳಗೇ ಇರುತ್ತದೆ.

ಅವನೂ ಆ ಹೊಳಪನ್ನು ನಂಬಿ ಕೂತಿರಲಿಲ್ಲ. ನಾವಿಬ್ಬರೂ ಕೂತು ಒಂದೊಂದನ್ನೇ ನೋಡಿದೆವು. ಮೊದಲು ಕೇಸಿನ ಕತ್ತು, ಗುಂಡು ಕೂರುವ ಜಾಗ. ಪ್ರತಿ ಸಲ ಹಾರಿಸಿದಾಗ, ಮತ್ತೆ ಅಳತೆಗೆ ಒತ್ತಿದಾಗ, ಅಲ್ಲಿ ಹಿತ್ತಾಳೆ ಗಡುಸಾಗುತ್ತಾ ಹೋಗುತ್ತದೆ. ಕೊನೆಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆಮೇಲೆ ಬುಡ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಬಿಳಿಚಿದ ಉಂಗುರದಂಥ ಗೆರೆ ಕಂಡರೆ ಅಲ್ಲಿ ಲೋಹ ಹಿಗ್ಗಿ ತೆಳುವಾಗಿದೆ ಎಂದರ್ಥ. ಹೊರಗೆ ಕಾಣದಿದ್ದರೂ ಒಳಗೆ ಇರಬಹುದು. ತುದಿ ಬಾಗಿಸಿದ ತಂತಿಯನ್ನು ಒಳಗಿಳಿಸಿ ಗೋಡೆಗೆ ಒತ್ತಿ ಮೇಲಕ್ಕೆ ಎಳೆದರೆ, ತಂತಿ ಅಲ್ಲಿ ತಡೆಯುತ್ತದೆ. ತಡೆದರೆ ಗುಜರಿಗೆ. ಹಳೆಯ .303 ರೈಫಲ್ಲಿನ ಕೇಸಿನಲ್ಲಿ ಈ ರೋಗ ಜಾಸ್ತಿ. ಅದರ ಛೇಂಬರ್ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಸಡಿಲ, ಕೇಸು ಹಿಗ್ಗಲು ಜಾಗ ಹೆಚ್ಚು. ಬುಡ ಕಿತ್ತು ಬಂದು ಮುಂದಿನ ಅರ್ಧ ನಳಿಗೆಯಲ್ಲೇ ಉಳಿಯುವುದುಂಟು.

ಕೇಪು, ಅಂದರೆ ಮದ್ದಿಗೆ ಕಿಡಿ ಹತ್ತಿಸುವ ಬುಡದ ಸಣ್ಣ ಬಿಲ್ಲೆ, ಕೂರುವ ಗುಳಿಯನ್ನೂ ನೋಡಬೇಕು. ಹೊಸ ಕೇಪು ಬಿಗಿಯಾಗಿ ಕೂರದೆ ಸಲೀಸಾಗಿ ಜಾರಿ ಒಳಗೆ ಹೋದರೆ ಆ ಕೇಸಿನ ಆಯಸ್ಸು ಮುಗಿಯಿತು. ಗುಳಿಯಲ್ಲಿ ನಡುವೆ ಒಂದೇ ತೂತಿದ್ದರೆ ಬಾಕ್ಸರ್, ಎರಡು ಸಣ್ಣ ತೂತಿದ್ದರೆ ಬರ್ಡನ್. ಬರ್ಡನ್ ಕೇಸನ್ನು ಮಾಮೂಲಿ ಡೈಗೆ (ಕೇಸನ್ನು ಅಳತೆಗೆ ಒತ್ತುವ ಅಚ್ಚು) ಕೊಟ್ಟರೆ ಹಳೇ ಕೇಪನ್ನು ತಳ್ಳುವ ಪಿನ್ ಮುರಿಯುತ್ತದೆ. ಸೇನೆಯ ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ. ಅಂಗಡಿಯ ಕೇಸಿಗೆ ಹಾಕುವಷ್ಟೇ ಮದ್ದನ್ನು ಅದಕ್ಕೂ ಹಾಕಿದರೆ ಒತ್ತಡ ಮೇಲೇರುತ್ತದೆ. ಪಾದರಸದ ಕೇಪು ಹಾಕಿದ್ದ ಹಳೇ ಕೇಸುಗಳಂತೂ ಬೇಡವೇ ಬೇಡ. ಪಾದರಸ ಹಿತ್ತಾಳೆಯನ್ನು ಹಪ್ಪಳದ ಹಾಗೆ ಮಾಡಿಬಿಡುತ್ತದೆ. ಹನ್ನೆರಡು ಬೋರಿನ ತೋಟೆಗಳ ಬಗ್ಗೆ ಇಷ್ಟೆಲ್ಲ ಹೇಳುವುದಿಲ್ಲ. ಎಷ್ಟೋ ತೋಟೆಗಳ ಬುಡ ಹಿತ್ತಾಳೆಯೇ ಅಲ್ಲ, ಹಿತ್ತಾಳೆ ಬಣ್ಣದ ಲೇಪ ಕೊಟ್ಟ ಕಬ್ಬಿಣ. ಆಯಸ್ಕಾಂತ ಹಿಡಿದರೆ ತಿಳಿಯುತ್ತದೆ.

ಇಷ್ಟೆಲ್ಲ ಬರೆದಿದ್ದು ಯಾರೂ ಮನೆಯಲ್ಲಿ ತುಂಬಲಿ ಎಂದಲ್ಲ. ತುಂಬಿದ ತೋಟೆ ಕೊಳ್ಳುವ ನಮಗೂ ಇದೇ ಕಣ್ಣು ಬೇಕು. ಕಂದು ಬಣ್ಣಕ್ಕೆ ತಿರುಗಿದ ಹಿತ್ತಾಳೆಯಿಂದ ತೊಂದರೆಯಿಲ್ಲ. ಹಸಿರು ಕಿಲುಬು ಕಟ್ಟಿ, ಒರೆಸಿದಾಗ ಕೆಳಗೆ ಗುಳಿ ಕಂಡರೆ ಆ ತೋಟೆಯನ್ನು ಕೋವಿಗೆ ಹಾಕಬೇಡಿ.

ನಮ್ಮೂರುಗಳಲ್ಲಿ ನಾನು ನೋಡಿದ ದೊಡ್ಡ ತಪ್ಪು ಎಂದರೆ ತೋಟೆಯ ಪೆಟ್ಟಿಗೆಯನ್ನು ಕೊಟ್ಟಿಗೆಯ ಅಟ್ಟದಲ್ಲೋ ಗೊಬ್ಬರದ ಕೋಣೆಯಲ್ಲೋ ಇಡುವುದು. ಬ್ರಿಟಿಷರ ಕಾಲದಲ್ಲಿ ಇದೇ ದೇಶದಲ್ಲಿ ಮಳೆಗಾಲಕ್ಕೆ ಕುದುರೆ ಲಾಯದಲ್ಲಿಟ್ಟಿದ್ದ ತೋಟೆಗಳು ತಾವಾಗೇ ಸೀಳಿಕೊಂಡವು. ಬಹಳ ಕಾಲ ಕಾರಣ ಗೊತ್ತಾಗಲಿಲ್ಲ. 1921ರಲ್ಲಿ ಆ ಒಗಟು ಪೂರ್ತಿ ಬಿಡಿಸಿತು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ತೇವ, ಜೊತೆಗೆ ಲೋಹವನ್ನು ಎಳೆದಾಗ ಒಳಗೇ ಉಳಿದ ಬಿಗಿತ. ಈ ಮೂರೂ ಸೇರಿದರೆ ಹಿತ್ತಾಳೆ ಬಿರಿಯುತ್ತದೆ. ದನದ ಗಂಜಲದಲ್ಲೂ ಅದೇ ಅಮೋನಿಯಾ. ಒದ್ದೆಯಾದ ಯೂರಿಯಾ ಮೂಟೆಯ ಘಾಟೂ ಅದೇ. ನಮ್ಮಲ್ಲಿ ತೇವಕ್ಕೇನು ಕೊರತೆಯೇ?

ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬರುತ್ತಿದೆ. ಕೋವಿ ತೊಳೆದು ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜೆಗಿಡುವಾಗ ತೋಟೆಗಳನ್ನೂ ಬ್ರಾಸೊ ಹಾಕಿ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ, ಅದರಲ್ಲೂ ಅಮೋನಿಯಾ ಇರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಸಾಕು.

ಇನ್ನು ಕೆಟ್ಟ ತೋಟೆಗಳ ಪ್ರಶ್ನೆ. ಜನ ಅವನ್ನು ಕೆರೆಗೆ ಎಸೆಯುತ್ತಾರೆ, ಇಲ್ಲವೇ ತೋಟದಲ್ಲಿ ಹೂಳುತ್ತಾರೆ. ಠಾಣೆಗೆ ಒಯ್ದರೆ ನೂರೆಂಟು ಪ್ರಶ್ನೆ ಬರುತ್ತವೆ ಎಂಬ ಹೆದರಿಕೆ. ಜಿಲ್ಲಾಡಳಿತ ಪ್ರತಿ ವರ್ಷ ಆಗಸ್ಟ್‌ನಲ್ಲಿ ಹೋಬಳಿಗೊಂದು ದಿನ ಗೊತ್ತು ಮಾಡಿ, ಹಳೇ ತೋಟೆಗಳನ್ನು ತೆಗೆದುಕೊಂಡು ರಸೀದಿ ಕೊಡುವ ಏರ್ಪಾಡು ಮಾಡಲಿ. ನೋಡಿ ವಿಂಗಡಿಸುವ ಕೆಲಸಕ್ಕೆ ನನ್ನಂಥ ನಿವೃತ್ತ ಆರ್ಮರರ್‌ಗಳು ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದೇವೆ. ಕರೆದರೆ ಬರುತ್ತೇವೆ.

– ನಿವೃತ್ತ ಹವಿಲ್ದಾರ್, ಸೋಮವಾರಪೇಟೆ ತಾಲ್ಲೂಕು