ಹಾಲು ಹಾಕುವವಳು ನಾನು, ಬೆಕ್ಕು ಮಲಗುವುದು ಅತ್ತೆಯ ಮಡಿಲಲ್ಲಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ನಾಯಿ ಮನುಷ್ಯರನ್ನು ಹಚ್ಚಿಕೊಳ್ಳುತ್ತದೆ, ಬೆಕ್ಕು ಮನೆಯನ್ನಷ್ಟೇ ಹಚ್ಚಿಕೊಳ್ಳುತ್ತದೆ, ಅದಕ್ಕೇ ಮನೆ ಖಾಲಿ ಮಾಡುವಾಗ ಬೆಕ್ಕನ್ನು ಅಲ್ಲೇ ಬಿಟ್ಟು ಹೋದರೆ ತಪ್ಪೇನಿಲ್ಲ ಅಂತ. ಓದಿ ಸುಮ್ನೆ ಇರಲು ಆಗಲಿಲ್ಲ. ಕೈಯಲ್ಲಿದ್ದ ಜಂಪರ್ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ನಾನು ಕೊಪ್ಪಳದಲ್ಲಿ ಮನೆಯಲ್ಲೇ ಹೊಲಿಗೆ ಮಾಡುವವಳು. ಡಾಕ್ಟರಲ್ಲ, ಪ್ರೊಫೆಸರಲ್ಲ. ಆದರೆ ದಿನವಿಡೀ ಬಾಗಿಲ ಹತ್ತಿರ ಮಷಿನ್ ಹಾಕಿಕೊಂಡು ಕೂತವಳಿಗೆ ಓಣಿಯ ನಾಯಿ ಬೆಕ್ಕುಗಳ ಸಂಸಾರ ಎಲ್ಲರಿಗಿಂತ ಜಾಸ್ತಿ ಗೊತ್ತಿರುತ್ತದೆ.

ಮೊದಲು ನನ್ನ ಸಂಕಟ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಚಿನ್ನಿ ಅಂತ ಒಂದು ಬೆಕ್ಕಿದೆ. ಮಳೆಯಲ್ಲಿ ನೆನೆದು ನಡುಗುತ್ತಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದವಳು ನಾನು. ಬೆಳಿಗ್ಗೆ ಹಾಲು ಹಾಕುವವಳು ನಾನು. ಮುನಿರಾಬಾದ್ ಕಡೆಯಿಂದ ಮೀನು ಬಂದ ದಿನ ತಲೆಗಳನ್ನು ಎತ್ತಿಡುವವಳೂ ನಾನೇ. ಅದು ಮಲಗುವುದು ಮಾತ್ರ ನಮ್ಮ ಅತ್ತೆಯ ಮಡಿಲಲ್ಲಿ. ಅತ್ತೆಗೋ ಬೆಕ್ಕೆಂದರೆ ಆಗುವುದಿಲ್ಲ. "ಏ, ಸರಿ ಆಚೀಕ, ಜ್ವಾಳದಾಗ ಕೂದಲ ಉದುರಸ್ತಿ" ಅಂತ ಬೈಯುತ್ತಲೇ ಇರುತ್ತಾರೆ. ಅದು ಒಂದು ಕಿವಿ ಅಲ್ಲಾಡಿಸಿ ಮತ್ತೆ ಮಲಗುತ್ತದೆ.

ಯಾಕೆ ಹೀಗೆ ಅಂತ ಬಹಳ ದಿನ ಹೊಟ್ಟೆ ಉರಿದುಕೊಂಡೆ. ಆಮೇಲೆ ಒಂದು ದಿನ ಕೂತು ನೋಡಿದೆ. ಸಂಜೆ ನಾಲ್ಕಕ್ಕೆ ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ, ಮೊರ ಇಟ್ಟುಕೊಂಡು ಜೋಳ ಹಸನು ಮಾಡಲು ಕೂರುತ್ತಾರೆ. ಚಿನ್ನಿ ಬಂದು ಮೊದಲು ಮೊರದ ಅಂಚಿಗೆ ಕೆನ್ನೆ ಉಜ್ಜುತ್ತದೆ. ಆಮೇಲೆ ಮೊಣಕಾಲಿಗೆ. ಒಂದು ಸುತ್ತು ಹಾಕಿ, ಎರಡು ಸಲ ಮುಂಗಾಲಿನಿಂದ ಸೀರೆ ಒತ್ತಿ ನೋಡಿ, ನಂತರವೇ ಹತ್ತುತ್ತದೆ. ಇಷ್ಟೆಲ್ಲ ಆಗುವಾಗ ಅತ್ತೆಯ ಕೈ ಮೊರ ಬಿಟ್ಟು ಅಲ್ಲಾಡಿರುವುದಿಲ್ಲ. ಬಾಯಿ ಬೈಯುತ್ತಿರುತ್ತದೆ, ಕೈ ಕಲ್ಲು ಆರಿಸುತ್ತಿರುತ್ತದೆ. ನಾನೇನು ಮಾಡುತ್ತೇನೆ? ಕಂಡ ಕೂಡಲೇ ಬಾಚಿ ಎತ್ತಿಕೊಳ್ಳುತ್ತೇನೆ, ಮುದ್ದು ಮಾಡುತ್ತೇನೆ, ಅದು ಒದ್ದಾಡಿ ಜಾರಿ ಓಡುತ್ತದೆ. ಬೆಕ್ಕಿಗೆ ತಾನಾಗಿ ಹತ್ತಿರ ಬರುವ ಸ್ವಾತಂತ್ರ್ಯ ಬೇಕು. ತಾನಾಗಿ ಬಂದಾಗ ಹೆಚ್ಚು ಹೊತ್ತು ಕೂರುತ್ತದೆ, ನಾವು ಎಳೆದುಕೊಂಡರೆ ಬೇಗ ಎದ್ದು ಹೋಗುತ್ತದೆ. ಇದನ್ನು ಸ್ವಿಟ್ಜರ್ಲೆಂಡಿನಲ್ಲಿ ಬೆಕ್ಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರೂ ಕಂಡಿದ್ದಾರಂತೆ. ಧಾರವಾಡದಲ್ಲಿ ಓದುವ ನನ್ನ ಮಗ ಫೋನಿನಲ್ಲಿ ಓದಿ ಹೇಳಿದ. ಕೆನ್ನೆ, ಹಣೆಯ ಹತ್ತಿರ ಬೆಕ್ಕಿಗೆ ವಾಸನೆಯ ಗ್ರಂಥಿಗಳಿವೆ, ಅಲ್ಲಿ ಉಜ್ಜಿದರೆ ತನ್ನ ವಾಸನೆ ನಮಗೆ ಹಚ್ಚಿ ಇವರು ನಮ್ಮವರು ಅಂತ ಗುರುತು ಮಾಡಿಕೊಂಡ ಹಾಗೆ. ಇನ್ನೊಂದು ವಿಷಯ ಕೇಳಿ ನನ್ನ ಹೆಮ್ಮೆ ಪೂರ್ತಿ ಇಳಿಯಿತು. ದೊಡ್ಡದಾದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಸರಿಯಾಗಿ ಅರಗುವುದೇ ಇಲ್ಲವಂತೆ. ಇಷ್ಟು ವರ್ಷ ಹಾಲು ಹಾಕಿ ನಾನು ಉಪಕಾರ ಮಾಡಿದೆನೋ, ಹೊಟ್ಟೆ ಕೆಡಿಸಿದೆನೋ!

ಕಣ್ಣಿನ ಮಾತೂ ಇದೆ. ಬೆಕ್ಕಿನ ಕಡೆ ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಅದೂ ಹಾಗೇ ಮಾಡುತ್ತದೆ, ಕೈಯ ಹತ್ತಿರ ಬರುವುದಕ್ಕೂ ಮನಸ್ಸು ಮಾಡುತ್ತದೆ ಎಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಬರೆದರು. ನಾನೂ ಮಾಡಿ ನೋಡಿದೆ. ಚಿನ್ನಿ ಕಣ್ಣು ಮುಚ್ಚಿ ತೆರೆಯಿತು, ಸುಳ್ಳಲ್ಲ. ಆದರೆ ಮಡಿಲಿನಿಂದ ಏಳಲಿಲ್ಲ. ಅತ್ತೆ ಮಾತ್ರ, "ಕಣ್ಣಿಗೇನಾತ ಬೇ ನಿನಗ, ದವಾಖಾನಿಗೆ ಹೋಗಿ ಬಾ" ಅಂದರು.

ಇನ್ನು ನಾಯಿ. ನಮ್ಮ ಓಣಿಯ ಕರಿಯ ಯಾರ ಮನೆಯದೂ ಅಲ್ಲ. ನಾಲ್ಕು ಮನೆಯವರು ರೊಟ್ಟಿ ಹಾಕುತ್ತಾರೆ. ಅದು ಹಚ್ಚಿಕೊಂಡಿದ್ದು ನಮ್ಮ ಮನೆಯವರನ್ನು. ಅವರು ಆಟೋ ಓಡಿಸುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಕರಿಯ ಓಣಿಯ ಮೂಲೆಯಲ್ಲಿ ಕಾದಿರುತ್ತದೆ, ನಮಗೆ ಸದ್ದು ಕೇಳುವ ಮೊದಲೇ ಎದ್ದು ನಿಲ್ಲುತ್ತದೆ, ಬೇರೆ ಆಟೋ ಹತ್ತು ಹೋದರೂ ತಲೆ ಎತ್ತುವುದಿಲ್ಲ. ಎರಡು ವರ್ಷದ ಹಿಂದೆ ಹಳೆಯ ಆಟೋ ಮಾರಿ ಹೊಸದು ತಂದರು. ಮೊದಲ ರಾತ್ರಿ ಹೊಸ ಆಟೋ ಬಂದಾಗ ಕರಿಯ ಎದ್ದೇಳಲೇ ಇಲ್ಲ. ಇವರು ಇಳಿದ ಮೇಲೆ ಹತ್ತಿರ ಹೋಗಿ ಮೂಸಿ, ಆಟೋದ ಗಾಲಿ ಮೂಸಿ, ಮತ್ತೆ ಇವರ ಚಪ್ಪಲಿ ಮೂಸಿ, ಕೊನೆಗೆ ನಾಚಿಕೆಯಾದವರ ಹಾಗೆ ಬಾಲ ಆಡಿಸಿತು. ಒಂದು ವಾರದೊಳಗೆ ಹೊಸ ಸದ್ದೂ ಬಾಯಿಪಾಠ.

ಇವರು ಕರಿಯನಿಗೆ ರೊಟ್ಟಿ ಹಾಕಿದ್ದು ಕಡಿಮೆ. ಇಳಿದ ಕೂಡಲೇ ಅದರ ತಲೆ ಸವರಿ "ಊಟ ಆತೇನಪಾ?" ಅಂತ ಕೇಳುತ್ತಾರೆ, ಅಷ್ಟೇ. ಅಷ್ಟು ಸಾಕು ಅಂತ ಕೋಲ್ಕತ್ತದ ವಿಜ್ಞಾನ ಸಂಸ್ಥೆಯೊಂದು, ಐಸರ್ ಅಂತಾರಲ್ಲ ಅದು, 2017ರಲ್ಲೇ ತೋರಿಸಿದೆ. ಅವರು ಬೀದಿ ನಾಯಿಗಳನ್ನೇ ನೋಡಿದ್ದು. ಗುರುತಿಲ್ಲದವರು ತಿನ್ನಲು ಕೊಟ್ಟಾಗ ಆದ ನಂಬಿಕೆಗಿಂತ, ಪದೇ ಪದೇ ಮೈ ಸವರಿದಾಗ ಆದ ನಂಬಿಕೆ ಗಟ್ಟಿಯಂತೆ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ಇನ್ನೊಂದು ಕಂಡರು. ಸಾಕಿದವರು ಮತ್ತು ನಾಯಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ ಮಗುವಿನ ನಡುವೆ ಮಮತೆ ಬೆಸೆಯುತ್ತದಲ್ಲ, ಅದೇ ಹಾರ್ಮೋನು. ಕೈಯಾರೆ ಸಾಕಿದ ತೋಳಗಳಲ್ಲಿ ಹಾಗೆ ಆಗಲಿಲ್ಲ. ಅತ್ತೆಗೆ ಇದನ್ನು ಹೇಳಿದರೆ, "ಮೈಲಾರಲಿಂಗನ ನಾಯಿ ಅದು, ನಿನ್ನ ಜಪಾನದಾಂವ ಏನು ಹೇಳ್ತಾನ" ಅಂದರು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಪ್ರೀತಿ ಬೇರೆ, ಲಸಿಕೆ ಬೇರೆ. ಕರಿಯನಿಗೆ ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು ಹಾಕಿಸುತ್ತೇವೆ. ಮುದ್ದಿನ ನಾಯಿಯೇ ಕಚ್ಚಿದರೂ, ಪರಚಿದರೂ 15 ನಿಮಿಷ ಸಾಬೂನು ಹಚ್ಚಿ ನೀರಿನಲ್ಲಿ ತೊಳೆದು ದವಾಖಾನೆಗೆ ಹೋಗಬೇಕು. ಅರಿಶಿನ, ಖಾರದ ಪುಡಿ ಹಚ್ಚಿ ಕೂರಬಾರದು.

ನಾಯಿಯ ನಿಷ್ಠೆಗೆ ಸಾಕ್ಷಿ ಹೇಳಲು ನಮ್ಮ ನಾಡಲ್ಲಿ ಕಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 950ರ ಹೊತ್ತಿಗೆ, ಕಾಳಿ ಎಂಬ ನಾಯಿಗೆ ವೀರಗಲ್ಲು ನಿಲ್ಲಿಸಿದರು. ಮಣಲೇರ ಎಂಬ ವೀರ ಯುದ್ಧದ ಸಾಹಸಕ್ಕೆ ಬಹುಮಾನವಾಗಿ ಆ ನಾಯಿಯನ್ನೇ ಕೇಳಿ ಪಡೆದಿದ್ದ. ಅದು ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಬೆಕ್ಕಿಗೆ ಹಾಗೆ ಕಲ್ಲು ಹಾಕಿಸಿದವರನ್ನು ನಾನು ಕೇಳಿಲ್ಲ. ಅದಕ್ಕೇ ಏನೋ ಬೆಕ್ಕಿನ ಮೇಲೆ ಯಾರು ಏನು ಬರೆದರೂ ನಡೆಯುತ್ತದೆ.

ಈಗ ನಿಮ್ಮ ಓದುಗರ ಮಾತಿಗೆ ಬರುತ್ತೇನೆ. ನಮ್ಮ ಹಿಂದಿನ ಮನೆಯಲ್ಲಿ ಬಾಡಿಗೆಗೆ ಇದ್ದವರು ಹೋದ ದೀಪಾವಳಿ ಆದ ಮೇಲೆ ವರ್ಗವಾಗಿ ರಾಯಚೂರಿಗೆ ಹೋದರು. ಅವರ ಮಗಳು ಆರನೇ ಕ್ಲಾಸು. ಅವಳದೊಂದು ಬಿಳಿ ಬೆಕ್ಕು. ಟೆಂಪೊಗೆ ಸಾಮಾನು ಏರಿಸುವಾಗ ಅವರಪ್ಪ, "ಬೆಕ್ಕು ಮನಿ ಬಿಟ್ಟು ಬರಂಗಿಲ್ಲವಾ, ಇಲ್ಲೇ ಆರಾಮ ಇರ್ತೈತಿ" ಅಂತ ಹುಡುಗಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಕೆಟ್ಟ ಮನುಷ್ಯ ಅಲ್ಲ ಅವರು. ಎಲ್ಲರೂ ಹೇಳುವುದನ್ನೇ ಹೇಳಿದರು.

ಬೆಕ್ಕು ಬಾಗಿಲ ಮುಂದೆ ಕೂತಿತು. ಹುಡುಗಿ ಶಾಲೆಯಿಂದ ಬರುವ ಹೊತ್ತಿಗೆ, ನಾಲ್ಕೂವರೆಗೆ ಸರಿಯಾಗಿ, ಮೆಟ್ಟಿಲಿಗೆ ಬಂದು ಕೂಗುತ್ತಿತ್ತು. ದೊಡ್ಡ ಬೆಕ್ಕುಗಳು ಒಂದಕ್ಕೊಂದು ಮಿಯಾವ್ ಅನ್ನುವುದು ಬಹಳ ಕಡಿಮೆ, ಅದು ಹೆಚ್ಚಾಗಿ ಮನುಷ್ಯರಿಗಾಗಿ ಇಟ್ಟುಕೊಂಡ ದನಿ. ಮನೆ ಅಲ್ಲೇ ಇತ್ತಲ್ಲ, ಕಟ್ಟೆ, ಗೋಡೆ, ನುಗ್ಗೆ ಮರ ಎಲ್ಲ ಅಲ್ಲೇ ಇದ್ದವು. ಮತ್ತೆ ಯಾಕೆ ಕೂಗಿತು? ಇಪ್ಪತ್ತು ದಿನಕ್ಕೆ ಹೊಸ ಬಾಡಿಗೆಯವರು ಬಂದರು. ಬಾಗಿಲು ತೆಗೆದದ್ದೇ ತಡ, ಬೆಕ್ಕು ಒಳಗೆ ನುಗ್ಗಿತು. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಒಂದೂ ಬಿಡದೆ ನೋಡಿ ಹೊರಗೆ ಬಂತು. ಆಮೇಲೆ ಆ ಮನೆಗೆ ಕಾಲಿಡಲಿಲ್ಲ. ಹೊಸಬರು ಹಾಲಿಟ್ಟು ಕರೆದರೂ ಹೋಗಲಿಲ್ಲ. ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಠಿಕಾಣಿ ಹೂಡಿತು, ಮೀನಿನ ತಲೆ ತಿನ್ನುತ್ತಿತ್ತು, ಕೈಗೆ ಮಾತ್ರ ಸಿಗುತ್ತಿರಲಿಲ್ಲ.

ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕನ್ನೂ ಸಾಕಿದವರನ್ನೂ ಹೊಸ ಕೋಣೆಯಲ್ಲಿ ಎರಡು ನಿಮಿಷ ಕೂರಿಸಿ, ಎರಡು ನಿಮಿಷ ಬೆಕ್ಕನ್ನು ಒಂಟಿ ಬಿಟ್ಟು, ಮತ್ತೆ ಅವರನ್ನು ಒಳಗೆ ಕಳಿಸಿ ನೋಡಿದರು. ನೂರಕ್ಕೆ ಸುಮಾರು 65 ಬೆಕ್ಕುಗಳು ತಮ್ಮವರು ಬಂದ ಕೂಡಲೇ ಸಮಾಧಾನವಾಗಿ, ಧೈರ್ಯದಿಂದ ಕೋಣೆ ಸುತ್ತಿದವು. ಆ ಕೋಣೆ ಅವುಗಳ ಮನೆಯಲ್ಲ, ನೆನಪಿಡಿ. ಧೈರ್ಯ ಬಂದದ್ದು ಮನುಷ್ಯರಿಂದ.

ಬೆಕ್ಕಿಗೆ ಜಾಗದ ಮೋಹ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಅದಕ್ಕೇ ಹೊಸ ಮನೆಗೆ ಒಯ್ದ ಮೇಲೆ ಎರಡು ಮೂರು ವಾರ ಹೊರಗೆ ಬಿಡಬಾರದು. ಒಂದೇ ಕೋಣೆಯಲ್ಲಿ, ಅದು ಮಲಗುತ್ತಿದ್ದ ಹಳೆ ಕೌದಿ, ತೊಳೆಯದೆ ಹಾಗೇ ಹಾಸಿ ಇಡಬೇಕು. ಬುಟ್ಟಿಗೆ ಹಾಕಿ ಮೇಲೆ ಬಟ್ಟೆ ಕಟ್ಟಿದರೆ ಟೆಂಪೊದಲ್ಲಿ ಮುಂದೆಯೇ ಕೂರಿಸಿಕೊಂಡು ಹೋಗಬಹುದು. ಟಿವಿಗೆ, ಫ್ರಿಜ್ಜಿಗೆ ಹಾಸಿಗೆ ಸುತ್ತಿ ಒಯ್ಯುವವರಿಗೆ ಇದೇನು ಕಷ್ಟ ಅಲ್ವಾ?

ಗವಿಮಠದ ಜಾತ್ರೆಗೆ ಆ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಗೋಡೆಯ ಹತ್ತಿರ ನಿಂತು ಒಂದೇ ಸಲ ಕರೆದಳು. ಬೆಕ್ಕಿನ ಕಿವಿ ಮೊದಲು ತಿರುಗಿತು, ಆಮೇಲೆ ತಲೆ. ಓಡಿ ಬರಲಿಲ್ಲ. ಗೋಡೆ ಇಳಿದು, ಎರಡು ಅಡಿ ದೂರ ಕೂತು, ಬೆನ್ನು ತಿರುಗಿಸಿ ಮೈ ನೆಕ್ಕಿಕೊಂಡಿತು. ಹುಡುಗಿಯೂ ಅಲ್ಲೇ ನೆಲದ ಮೇಲೆ ಕೂತಳು. ಹಿಡಿಯಲು ಹೋಗಲಿಲ್ಲ, ನನಗಿಂತ ಜಾಣೆ. ಸ್ವಲ್ಪ ಹೊತ್ತಿಗೆ ಬೆಕ್ಕು ಬಂದು ಅವಳ ಮೊಣಕೈಗೆ ಹಣೆ ಗುದ್ದಿತು. ಅವರಪ್ಪ ನನ್ನ ಹತ್ತಿರ ಬಂದು, "ಅಕ್ಕಾರ, ಒಂದು ಬುಟ್ಟಿ ಇದ್ರ ಕೊಡ್ರಿ" ಅಂದರು.

ರಾಯಚೂರಿಗೆ ಹೋಗಿ ಮೂರು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲವಂತೆ. ಈಗ ಅವಳ ಶಾಲೆ ಚೀಲದ ಮೇಲೆ ಮಲಗುತ್ತದಂತೆ. ತಕರಾರು ಒಂದೇ. ಅವರ ಮನೆಯಲ್ಲಿ ಮೀನು ಮಾಡುವುದಿಲ್ಲ, ಬೆಕ್ಕು ಈಗ ಮೊಸರನ್ನವನ್ನು ಮೂಸಿಯೂ ನೋಡುವುದಿಲ್ಲ. ಅವರಮ್ಮ ಫೋನ್ ಮಾಡಿ ಬೈದರು. ಆ ತಪ್ಪು ನನ್ನದೇ, ಒಪ್ಪುತ್ತೇನೆ.

ಇಂತಿ,
ನಿಮ್ಮ ಓದುಗಳು, ಕೊಪ್ಪಳ