ಕೋಟಿನ ಒಳಗಿದ್ದ ಹೊಲಿಗೆ

ಹನುಮಂತನಗರ, ಬೆಂಗಳೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ನೀನು ನಕ್ಕಿದ್ದು ಇನ್ನೂ ಕಿವೀಲಿದೆ. "ರಿಟೈರ್ ಆದವ್ರೆಲ್ಲಾ ವಾಕಿಂಗ್ ಹೊಕ್ಕಾರ, ನೀ ಕೌದಿ ಹೊಲ್ಕೋತ ಕುಂತೀಯೇನಲೇ" ಅಂದೆ. ಫೋನಲ್ಲಿ ಉತ್ತರ ಕೊಡೋಕೆ ಹೋಗಿದ್ರೆ ಜಗಳ ಆಗ್ತಿತ್ತು, ಅದಕ್ಕೇ ಬರೀತಾ ಇದ್ದೀನಿ. ಮಗಳು ಇದನ್ನ ಫೇಸ್‌ಬುಕ್ಕಿಗೂ ಹಾಕ್ತೀನಿ ಅಂತಾಳೆ. ಹಾಕಲಿ ಬಿಡು, ನಿನ್ನ ಹೆಸರು ಬರೆದಿಲ್ಲ.

ಮೊದಲನೇ ಮಾತು, ಇದು ಕೌದಿ ಅಲ್ಲ ಕಣೋ. ನಿಮ್ಮಮ್ಮನ ಕೌದಿ ಹೊದ್ದು ಮಲಗಿದೋನು ನಾನು, ಅಷ್ಟೂ ಗೊತ್ತಾಗಲ್ವಾ? ಕೌದೀಲಿ ಹಳೇ ಸೀರೆ, ಧೋತರ ಎಲ್ಲಾ ಪದರ ಪದರವಾಗಿ ಹಾಸಿ, ಉದ್ದಕ್ಕೂ ಓಡುಹೊಲಿಗೆ ಹಾಕ್ತಾರೆ. ಸೂಜಿ ಮೇಲಿನ ಬಟ್ಟೆಯಿಂದ ತಳದವರೆಗೂ ಇಳಿಯುತ್ತೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕವಂದಿಯೂ ಹಾಗೇ. ಅವರು ಅಂಚಿಂದ ಶುರು ಮಾಡಿ ಸುತ್ತುಹಾಕ್ತಾ ಹಾಕ್ತಾ ನಡುವಿಗೆ ಬರ್ತಾರೆ, ಮೂಲೆಗಳಿಗೆ ಮುಕ್ಕೋನದ ಹೂ ಇಡ್ತಾರೆ. ಅಲ್ಲಿ ಹೊಲಿಗೆ ಅಂದ್ರೆ ಹೊಲಕ್ಕೆಲ್ಲಾ ಹೊಡೆದ ನೇಗಿಲ ಸಾಲು. ನಾನು ಮಾಡ್ತಾ ಇರೋದಕ್ಕೆ ಕ್ರೇಜಿ ಕ್ವಿಲ್ಟ್ ಅಂತಾರೆ, ಅಡ್ಡಾದಿಡ್ಡಿ ಆಕಾರದ ಚೂರುಗಳನ್ನ ಕೂಡಿಸಿ ಮೇಲೆ ಬಣ್ಣದ ಹೊಲಿಗೆ ಹಾಕೋದು. ಇದರಲ್ಲಿ ಹೊಲಿಗೆ ಇರೋದು ಬದುವಿನ ಮೇಲೆ ಮಾತ್ರ. ಎರಡು ತುಂಡು ಎಲ್ಲಿ ಕೂಡುತ್ತೋ ಆ ಗೆರೆ ಹಿಡಿದು ನಡೀಬೇಕು. ಹೊಲದ ಒಳಗೆ ಕಾಲಿಡೋ ಹಾಗಿಲ್ಲ. ಇಡೋರು ಇದ್ದಾರೆ, ಹೂವು ಹಕ್ಕಿ ಬೀಸಣಿಗೆ ಅಂತ ಬಟ್ಟೆ ತುಂಬಾ ತುಂಬ್ತಾರೆ. ನನಗದು ಸೇರಲ್ಲ.

ಶುರುವಾಗಿದ್ದು ಅಪ್ಪನ ಟ್ರಂಕಿಂದ. ಅಪ್ಪನ ಬಳೇಪೇಟೆ ದರ್ಜಿ ಅಂಗಡಿ ಮುಚ್ಚಿದಾಗ ಬಂದ ಟ್ರಂಕು, ಅಟ್ಟದ ಮೇಲೆ ಹಾಗೇ ಇತ್ತು. ತೆಗೆದು ನೋಡಿದ್ರೆ ಒಳಗೆ ಸೂಟಿಂಗ್ ಸ್ಯಾಂಪಲ್ ಪುಸ್ತಕಗಳು. ನಿನಗೆ ನೆನಪಿರಬೇಕು, ಅಂಗೈ ಅಗಲದ ತುಂಡುಗಳು, ಅಂಚೆಲ್ಲಾ ಗರಗಸದ ಹಲ್ಲಿನ ಹಾಗೆ ಕತ್ತರಿಸಿರೋದು. ಬೂದಿ, ಕಂದು, ಕಡುನೀಲಿ. ಎಸೆಯೋಕೆ ಮನಸ್ಸು ಬರಲಿಲ್ಲ, ಇಟ್ಕೊಂಡು ಮಾಡೋದೇನು ಅಂತಲೂ ಗೊತ್ತಿರಲಿಲ್ಲ. ಮಗಳೇ ಯಾವುದೋ ವಿಡಿಯೋ ತೋರಿಸಿ "ಇದನ್ನ ಮಾಡಿ ಅಪ್ಪಾ" ಅಂದಳು. ಬರೀ ಬೂದಿ ಕಂದು ಇಟ್ರೆ ಪೊಲೀಸ್ ಸ್ಟೇಷನ್ ಗೋಡೆ ಆಗುತ್ತೆ ಅಂತ, ನಮ್ಮ ಬೀದಿ ಕೊನೇಲಿ ಬ್ಲೌಸ್ ಹೊಲಿಯೋ ಹೆಣ್ಣುಮಗಳ ಹತ್ತಿರ ಚೂರು ಕೇಳಿದೆ. "ದಿಂಬಿಗೆ ತುಂಬ್ತೀರಾ ಅಂಕಲ್? ಇನ್ನೂ ಎರಡು ಚೀಲ ಇದೆ, ತಗೊಂಡ್ಹೋಗಿ, ಪುಣ್ಯ ಬರುತ್ತೆ" ಅಂದಳು. ಆ ಚೀಲದಲ್ಲಿ ಏನಿತ್ತು ಅಂತೀಯಾ! ಗಿಳಿಹಸಿರು ಮೈಸೂರು ಸಿಲ್ಕು, ರಾಣಿ ಬಣ್ಣದ ಬ್ರೊಕೇಡು, ಹುಣಿಸೆಬೀಜದಷ್ಟು ವೆಲ್ವೆಟ್ಟು. ಅರ್ಧ ಬೆಂಗಳೂರಿನ ಮದುವೆಗಳು ಒಂದು ಚೀಲದಲ್ಲಿ.

ಕೂಡಿಸೋ ಕೆಲಸ ಬೇಗ ಹೇಳಿ ಮುಗಿಸ್ತೀನಿ. ಹಳೇ ಪಂಚೆ ಒಗೆದು ಇಸ್ತ್ರಿ ಮಾಡಿ ತಳಕ್ಕೆ ಇಟ್ಕೋ. ನಡುವೆ ಐದು ಮೂಲೆಯ ಒಂದು ತುಂಡು. ಎರಡನೇ ತುಂಡನ್ನ ಅದರ ಮೇಲೆ ಮುಖಕ್ಕೆ ಮುಖ ಇಟ್ಟು, ಒಂದು ಅಂಚಿಗೆ ಹೊಲಿಗೆ ಹಾಕಿ, ಮಗುಚಿ, ಇಸ್ತ್ರಿ ಒತ್ತೋದು. ಮತ್ತೆ ಮುಂದಿನ ಅಂಚಿಗೆ ಇನ್ನೊಂದು. ಹೀಗೇ ಸುತ್ತು ಬರೋದು. ಚೌಕ ಮಾತ್ರ ಇಡಬೇಡ, ಚೆಸ್ ಬೋರ್ಡ್ ಆಗುತ್ತೆ.

ಈಗ ಹೊಲಿಗೆ ವಿಷಯಕ್ಕೆ ಬರ್ತೀನಿ. ಹೇಳಬೇಕಾಗಿರೋದು ಇದೇ.

ಕ್ರೇಜಿ ಕ್ವಿಲ್ಟಿಗೆ ಎಲ್ಲರೂ ಮೊದಲು ಕಲಿಯೋ ಹೊಲಿಗೆಗಳಲ್ಲಿ ಒಂದು ಹೆರಿಂಗ್‌ಬೋನ್. ಹೆರಿಂಗ್ ಅಂತ ಒಂದು ಮೀನು, ಅದರ ಮುಳ್ಳಿನ ಆಕಾರ. ವಿಡಿಯೋದಲ್ಲಿ ಆ ಹೆಂಗಸು ಹಾಕೋದು ನೋಡ್ತಾ ನೋಡ್ತಾ ನನಗೆ ಮೈ ಜುಮ್ಮಂತು. ಕೈ ಬಲಕ್ಕೆ ಸಾಗುತ್ತೆ, ಸೂಜಿ ಮೂತಿ ಮಾತ್ರ ಎಡಕ್ಕೆ. ಮೇಲೊಂದು ಚೂರು ಕಚ್ಚು, ಓರೆಯಾಗಿ ಕೆಳಗಿಳಿ, ಅಲ್ಲೊಂದು ಚೂರು ಕಚ್ಚು, ಮತ್ತೆ ಓರೆಯಾಗಿ ಮೇಲೆ. ಲೋ, ಇದು ನಮ್ಮಪ್ಪ ಪ್ಯಾಂಟಿನ ಕಾಲಿಗೆ, ಕೋಟಿನ ಒಳಮಡಿಕೆಗೆ ಹಾಕ್ತಿದ್ದ ಹೊಲಿಗೆ! ಅಪ್ಪ ಅದಕ್ಕೊಂದು ಹೆಸರೂ ಇಟ್ಟಿರಲಿಲ್ಲ, "ಒಳಗೆ ಅಡ್ಡಡ್ಡ ಹಾಕು" ಅಂತಿದ್ರು ಅಷ್ಟೇ. ದಾರಗಳು ಒಂದರ ಮೇಲೊಂದು ಕತ್ತರಿಯಾಗಿ ಬೀಳೋದ್ರಿಂದ ಬಟ್ಟೆ ಜಗ್ಗಿದ್ರೆ ಹೊಲಿಗೆಯೂ ಒಂದಿಷ್ಟು ಜಗ್ಗುತ್ತೆ, ಪಟ್ ಅಂತ ಹರಿಯಲ್ಲ. ಕೂತು ಏಳೋ ಮನುಷ್ಯನ ಪ್ಯಾಂಟಿಗೆ ಅದೇ ತಾನೇ ಬೇಕಿದ್ದು. ಹೊರಗಿನಿಂದ ನೋಡಿದ್ರೆ ಒಂದು ಚುಕ್ಕೆಯೂ ಕಾಣಬಾರದು, ಕಂಡರೆ ಬಿಚ್ಚಿಸೋರು. ನನ್ನ ಕೈಲಿ ಎಷ್ಟು ಸಲ ಬಿಚ್ಚಿಸಿದ್ದಾರೆ ಅಂತ ನಿನಗೆ ಹೇಳಬೇಕಾಗಿಲ್ಲ, ನೀನು ಕಟ್ಟೆ ಮೇಲೆ ಕೂತು ಕಡಲೆಕಾಯಿ ತಿಂತಾ ನೋಡ್ತಿದ್ದೆ. ಆ ಹೊಲಿಗೆಯನ್ನ ಈ ಜನ ಅರಿಶಿನ ಬಣ್ಣದ ದಪ್ಪ ದಾರದಲ್ಲಿ, ಬಟ್ಟೆ ಮುಖದ ಮೇಲೆ ಹಾಕ್ತಾರೆ. ಕೆಲಸ ಅದೇ, ಎರಡು ಬಟ್ಟೆ ಹಿಡಿಯೋದು. ನಮ್ಮಪ್ಪ ಬಚ್ಚಿಟ್ಟರು, ಇವರು ಮೆರವಣಿಗೆ ಮಾಡ್ತಾರೆ.

ನಾನು ಹಾಕಿದ ಒಂದು ಗೆರೆ ಹೇಗಿದೆ ಅಂತ ಹೇಳ್ತೀನಿ, ಮನಸ್ಸಲ್ಲೇ ನೋಡ್ಕೋ. ಒಂದು ಕಡೆ ಬೂದಿ ಸೂಟಿಂಗು, ಇನ್ನೊಂದು ಕಡೆ ಗಿಳಿಹಸಿರು ಸಿಲ್ಕು. ಮೊದಲನೇ ಸುತ್ತು ಅರಿಶಿನ ಬಣ್ಣದ ಪರ್ಲ್ ಕಾಟನ್ ಅನ್ನೋ ಹುರಿ ದಾರ, 8ನೇ ನಂಬರು, ಹೆರಿಂಗ್‌ಬೋನ್. ಮೇಲಿನ ಕಚ್ಚು ಸೂಟಿಂಗಿನಲ್ಲಿ, ಕೆಳಗಿನ ಕಚ್ಚು ಸಿಲ್ಕಿನಲ್ಲಿ, ಗೆರೆ ನಡುವೆ. ಎರಡನೇ ಸುತ್ತು, ದಾರ ಕತ್ತರಿ ಬಿದ್ದ ಪ್ರತಿ ಜಾಗದಲ್ಲೂ ಕುಂಕುಮದ ಬಣ್ಣದಲ್ಲಿ ಒಂದು ಗಿಡ್ಡ ಹೊಲಿಗೆ, ಕಟ್ಟು ಹಾಕಿದ ಹಾಗೆ. ಮೂರನೇ ಸುತ್ತು, ಮೇಲ್ಗಡೆ ಬಾಯಿ ತೆರೆದ ಜಾಗಗಳಲ್ಲಿ ಬಿಳೀ ಲೇಜಿ ಡೈಸಿ, ಅಂದ್ರೆ ಕುಣಿಕೆ ಹೊಲಿಗೆಯ ಹೂ, ಮೂರು ಮೂರು ಎಸಳು, ಬುಡದಲ್ಲೊಂದು ಫ್ರೆಂಚ್ ನಾಟ್ ಅನ್ನೋ ಪುಟ್ಟ ಗಂಟು. ನಾಲ್ಕನೆಯದಾಗಿ ಮಣಿ ಪೋಣಿಸಿದೆ. ಅಲ್ಲಿಗೆ ಅದು ಆರಿ ವರ್ಕ್ ಮಾಡಿಸಿದ ಮದುವಣಗಿತ್ತಿಯ ಬ್ಲೌಸ್ ತೋಳಾಯ್ತು. ರಾತ್ರಿ ಕೂತು ಅಷ್ಟೂ ಮಣಿ ಬಿಚ್ಚಿದೆ.

ಫ್ರೆಂಚ್ ನಾಟಲ್ಲಿ ನಾನು ಒಂದು ವಾರ ಒದ್ದಾಡಿದೆ. ಸೂಜಿಗೆ ದಾರ ಸುತ್ತಿ, ಎದ್ದ ತೂತಲ್ಲೇ ವಾಪಸ್ ಇಳಿಸ್ತಿದ್ದೆ, ಗಂಟು ನುಣುಚಿಕೊಂಡು ಹಿಂದಕ್ಕೆ ಮಾಯ. ಬಟ್ಟೆಯ ಒಂದೆರಡು ಎಳೆ ಪಕ್ಕಕ್ಕೆ ಇಳಿಸಬೇಕು, ಆ ಎಳೆ ಮೇಲೆ ಗಂಟು ಕೂರುತ್ತೆ. ಎಡಗೈಯಲ್ಲಿ ದಾರ ಬಿಗಿಯಾಗಿ ಹಿಡಿದಿರಬೇಕು, ಸೂಜಿ ಪೂರ್ತಿ ಹೋಗೋವರೆಗೂ ಬಿಡಬಾರದು. ಇಷ್ಟೇ ಗುಟ್ಟು, ಯಾರೂ ಮೊದಲೇ ಹೇಳಲ್ಲ.

ಫೆದರ್ ಸ್ಟಿಚ್ ಮಾತ್ರ ನನಗೆ ಒಲಿದು ಬಂತು. ದಾರವನ್ನ ಹೆಬ್ಬೆರಳಲ್ಲಿ ಅದುಮಿ, ಒಂದು ಸಲ ಬಲಕ್ಕೆ ಚುಚ್ಚಿ ನಡುವೆ ಎದ್ದು, ಒಂದು ಸಲ ಎಡಕ್ಕೆ ಚುಚ್ಚಿ ನಡುವೆ ಎದ್ದು, ಇಳೀತಾ ಹೋಗೋದು. ಬಳ್ಳಿ ಕವಲೊಡೆದ ಹಾಗೆ ಬರುತ್ತೆ. ಸೊಟ್ಟ ಗೆರೆಗೆ ಇದಕ್ಕಿಂತ ಒಳ್ಳೇದಿಲ್ಲ, ನಿನ್ನ ಕೈ ಸ್ವಲ್ಪ ಆಚೀಚೆ ಆದ್ರೂ ಬಳ್ಳಿ ಬಾಗಿದೆ ಅಂತಲೇ ಜನ ಅಂದುಕೊಳ್ತಾರೆ. ಇನ್ನು ಕಾಜಾ ಹೊಲಿಗೆ. ಗುಂಡಿ ತೂತಿಗೆ ಒತ್ತೊತ್ತಾಗಿ ಹಾಕೋದನ್ನ ಇಲ್ಲಿ ಬಿಡಿಬಿಡಿಯಾಗಿ ಹಾಕಿ, ಕಾಲುಗಳನ್ನ ಒಂದು ಗಿಡ್ಡ, ಒಂದು ಉದ್ದ, ಇನ್ನೂ ಉದ್ದ, ಮತ್ತೆ ಗಿಡ್ಡ ಅಂತ ಏರಿಳಿಸಿದ್ರೆ ಸಾಲಾಗಿ ಗೋಪುರಗಳು ನಿಲ್ಲುತ್ತವೆ. ಚೆವ್ರಾನ್, ಕ್ರೀಟನ್, ಫ್ಲೈ ಅಂತೆಲ್ಲಾ ಇನ್ನೂ ಇವೆ. ಹೆಸರು ಲೆಕ್ಕ ಹಾಕೋಕೆ ಹೋದ್ರೆ ತಲೆ ಕೆಡುತ್ತೆ. ನನಗೆ ನಾಲ್ಕು ಸಾಕು, ಬಣ್ಣ ಬದಲಾಯಿಸಿದ್ರೆ ನಾಲ್ಕೇ ನಲವತ್ತಾಗುತ್ತೆ.

ನೀನು ಕೇಳಿದ್ಯಲ್ಲ, "ಗವಂತಿ ಮುರ್ಗಿ ಬಿಟ್ಟು ಪರದೇಶದ್ದ್ಯಾಕ" ಅಂತ. ನಿಮ್ಮ ಕಡೆ ಕಸೂತಿಯ ಆ ಹೊಲಿಗೆಗಳಲ್ಲಿ ನಿಮ್ಮ ಅತ್ತೆ ಇಳಕಲ್ ಸೀರೆ ಸೆರಗಿನ ಮೇಲೆ ತೇರು, ಆನೆ, ತುಳಸಿಕಟ್ಟೆ ತೆಗೀತಿದ್ದಿದ್ದು ನಾನೂ ನೋಡಿದ್ದೀನಿ. ನಾಲ್ಕು ದಿನ ಪ್ರಯತ್ನ ಮಾಡಿದೆ ಕೂಡ. ಆದರೆ ಕಸೂತಿ ಎಳೆ ಎಣಿಸಿ ಹಾಕೋ ಕೆಲಸ. ಎಳೆ ಎಣಿಸೋಕೆ ಬಟ್ಟೆ ಒಂದೇ ಆಗಿರಬೇಕು. ಇಲ್ಲಿ ಈ ಕಡೆ ಉಣ್ಣೆ, ಆ ಕಡೆ ರೇಷ್ಮೆ, ಅದೂ ಓರೆಯಾಗಿ ಕೂತಿರೋದು, ಎಣಿಸೋದು ಯಾವುದನ್ನ? ಮೇಲೆ ಮ್ಯಾಟಿ ಅನ್ನೋ ಎಳೆ ಎಣಿಸೋಕೆ ಬರೋ ಬಟ್ಟೆ ಟಾಕಿ, ಅದರ ಎಳೆ ಎಣಿಸಿ ಹಾಕಿ, ಆಮೇಲೆ ಮ್ಯಾಟಿ ಎಳೆಗಳನ್ನ ಒಂದೊಂದಾಗಿ ಎಳೆದು ತೆಗೆಯಬಹುದು. ಒಂದು ಗೋಪುರ ಹಾಗೆ ಮಾಡಿದೆ, ಚೆನ್ನಾಗೇ ಬಂತು, ಆದರೆ ಅದು ತುಂಡಿನ ನಡುವೆ ಕೂತಿತು, ಬದುವಿನ ಮೇಲೆ ಬರಲಿಲ್ಲ. ಇನ್ನೊಂದು ಮಾತು. ಗವಂತೀಲಿ ಹಿಂದೆ ಮುಂದೆ ಎರಡೂ ಒಂದೇ ಥರ, ಗಂಟೇ ಹಾಕಲ್ಲ. ನನ್ನ ಬಟ್ಟೆಯ ಹಿಂಭಾಗ ನೋಡಿದ್ರೆ ನಿಮ್ಮ ಅತ್ತೆ ಒಂದು ತುತ್ತು ಅನ್ನ ಹಾಕಲ್ಲ.

ಇದು ಹುಟ್ಟಿದ ಕಥೆ ಒಂಚೂರು ಕೇಳು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೀತು. ಅಲ್ಲಿ ಜಪಾನಿನವರು ತಂದಿಟ್ಟ ಸಾಮಾನು ನೋಡಿ ಅಲ್ಲಿನ ಹೆಂಗಸರು ಮರುಳಾದರು. ಎಡ ಬಲ ಸಮ ಇಲ್ಲದ ಚಿತ್ತಾರ, ಹೊಳಪಿನಲ್ಲೆಲ್ಲಾ ಬಿರುಕು ಎದ್ದ ಪಿಂಗಾಣಿ. ಆ ಬಿರುಕಿನಿಂದಲೇ ಇದಕ್ಕೆ ಕ್ರೇಜಿ ಅನ್ನೋ ಹೆಸರು ಬಂತು ಅಂತ ಹೇಳೋರಿದ್ದಾರೆ. 1880ರ ದಶಕದಲ್ಲಿ ಹುಚ್ಚು ನೆತ್ತಿಗೇರಿತು. ಹೊದೆಯೋಕಲ್ಲ, ನಡುಮನೆ ಸೋಫಾ ಮೇಲೆ ಹಾಸಿ ಬಂದವರಿಗೆ ತೋರಿಸೋಕೆ. ಎಷ್ಟೋ ಕ್ವಿಲ್ಟಿನೊಳಗೆ ಹತ್ತಿಯೂ ಇರ್ತಿರಲಿಲ್ಲ. ಆದರೆ ಆ ಕಾಲದ ರೇಷ್ಮೆ ಇವತ್ತು ಚೂರುಚೂರಾಗಿ ಉದುರ್ತಾ ಇದೆ. ಯಾಕೆ ಗೊತ್ತಾ? ನೂಲಿನ ಅಂಟು ತೆಗೆದಾಗ ರೇಷ್ಮೆ ಸುಮಾರು ಕಾಲು ಭಾಗ ತೂಕ ಕಳಕೊಳ್ಳುತ್ತೆ. ರಾಮನಗರದ ಕಡೆ ಯಾವ ರೀಲರನ್ನ ಕೇಳಿದ್ರೂ ಹೇಳ್ತಾನೆ. ಆ ತೂಕ ತುಂಬಿಸೋಕೆ ವ್ಯಾಪಾರಿಗಳು ತವರ, ಕಬ್ಬಿಣದ ಲವಣ ಹೀರಿಸ್ತಿದ್ರಂತೆ. ಲೋಹ ಒಳಗಿಂದ ಎಳೆ ತಿಂದು ಹಾಕಿತು. ಕಸೂತಿ ದಾರ ಗಟ್ಟಿಯಾಗಿದೆ, ಅದರ ಕೆಳಗಿನ ಬಟ್ಟೆಯೇ ಇಲ್ಲ, ಅಂಥ ಕ್ವಿಲ್ಟುಗಳ ಫೋಟೋ ನೋಡಿದ್ದೀನಿ.

ನನಗೂ ಅಂಥದ್ದೇ ಒಂದು ಆಯ್ತು, ಕಾರಣ ಬೇರೆ. ಅಕ್ಕನ ಧಾರೆಸೀರೆ ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೇಲಿತ್ತು. ಮಡಿಕೆ ಜಾಗದಲ್ಲೆಲ್ಲಾ ಸೀಳು. ಉಳಿದ ಕಡೆ ಚೆನ್ನಾಗಿದೆಯಲ್ಲ ಅಂತ ಒಂದು ತುಂಡು ತೆಗೆದು, ಅಂಚಿಗೆ ಒತ್ತಾಗಿ ಫೆದರ್ ಸ್ಟಿಚ್ ಹಾಕಿದೆ. ಎಂಟು ದಿನ ಚೆನ್ನಾಗಿತ್ತು. ಒಂಬತ್ತನೇ ದಿನ ಇಸ್ತ್ರಿ ಮಾಡೋಕೆ ಎಳೆದು ಹಾಸಿದೆ ನೋಡು, ಸೂಜಿ ತೂತಿನ ಸಾಲಿಗೇ ಸರಿಯಾಗಿ ಬಿಟ್ಟುಕೊಂಡಿತು, ಅಂಚೆಚೀಟಿ ಹರಿದ ಹಾಗೆ. ಅಕ್ಕ ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ದಳು. ಏನೂ ಅನ್ನಲಿಲ್ಲ. ಲೋಟ ತಗೊಂಡು ಅಡುಗೆಮನೆಗೆ ಹೋದಳು. ಈಗ ಹಳೇ ರೇಷ್ಮೆಗೆಲ್ಲಾ ಹಿಂದೆ ತೆಳು ಪೇಸ್ಟಿಂಗ್, ಅಂದ್ರೆ ಇಸ್ತ್ರಿ ಬಿಸಿಗೆ ಅಂಟೋ ಬಟ್ಟೆ ಒತ್ತಿ, ಹೊಲಿಗೆ ದೂರದೂರ ಹಾಕ್ತೀನಿ.

ದಾರಕ್ಕೆ ತಿಂಗಳಿಗೊಂದು ಸಲ ಪೇಟೆಗೆ ಹೋಗ್ತೀನಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಮಾಮೂಲ್‌ಪೇಟೆ ಗಲ್ಲಿ, ಆಮೇಲೆ ಲೇಸಿಗೆ ರಾಜಾ ಮಾರ್ಕೆಟ್ಟು. ಆರೆಳೆ ದಾರದ ಲಡಿ 8 ಮೀಟರ್ ಇರುತ್ತೆ, ಎಳೆ ಬಿಡಿಸಿ ಗಂಟಿಗೆ ಎರಡು, ಬಳ್ಳಿಗೆ ಮೂರು ಹಾಕ್ಕೋಬಹುದು. ಪರ್ಲ್ ಕಾಟನ್ ಬಿಡಿಸೋಕಾಗಲ್ಲ. ಅದರ ನಂಬರು ಏರಿದಷ್ಟೂ ದಾರ ಸಣ್ಣ, ಮೊದಲನೇ ಸಲ ಉಲ್ಟಾ ತಿಳ್ಕೊಂಡು ಹಗ್ಗದಂಥದ್ದು ತಂದಿದ್ದೆ. ಒಂದು ಅಂಗಡೀಲಿ ಅಗ್ಗ ಅಂತ ಕೊಂಡ ಕೆಂಪು ದಾರ, ಇಸ್ತ್ರಿ ಪೆಟ್ಟಿಗೆಯ ಆವಿ ತಾಗಿದ್ದೇ ತಡ ಬಿಳೀ ಸ್ಯಾಟಿನ್ ಮೇಲೆ ಎಲೆಯಡಿಕೆ ಉಗುಳಿದ ಹಾಗೆ ಹರಡಿತು. ಈಗ ಕೆಂಪು ಅಂದ್ರೆ ಮೊದಲು ಒದ್ದೆ ಬಿಳೀ ಬಟ್ಟೇಲಿ ಸುತ್ತಿ ಹಿಂಡಿ ನೋಡ್ತೀನಿ. ಮೊಳದುದ್ದಕ್ಕಿಂತ ಹೆಚ್ಚು ದಾರ ಪೋಣಿಸಲ್ಲ, "ಉದ್ದ ದಾರ ಹಾಕೋನು ಸೋಮಾರಿ ದರ್ಜಿ" ಅಂತ ಅಪ್ಪ ಬೈತಿದ್ದಿದ್ದು ಈಗ ಕೇಳಿಸ್ತಾ ಇದೆ.

ನನ್ನ ಹೆಂಡತಿಗೆ ಇದರಲ್ಲಿ ಒಂದೇ ತಕರಾರು. ಆ ಕಾಲದ ಅಮೆರಿಕದವರು ಮೂಲೇಲಿ ಜೇಡರ ಬಲೆ ಹಾಕ್ತಿದ್ರು, ಅದೃಷ್ಟ ಅಂತ. ನಾನೂ ಕಡುನೀಲಿ ಸೂಟಿಂಗಿನ ಮೇಲೆ ಬೆಳ್ಳಿ ದಾರದಲ್ಲಿ ಹಾಕಿದೆ. "ಬಲೆ ಕಂಡ್ರೆ ಪೊರಕೆ ತಗೊಳ್ಳೋಳು ನಾನು, ನೀವು ದುಡ್ಡು ಕೊಟ್ಟು ದಾರ ತಂದು ಕಟ್ತಾ ಕೂತಿದ್ದೀರಲ್ರೀ" ಅಂದಳು. ಜೇಡ ಬಿಚ್ಚಿದೆ. ಬಲೆ ಬಿಟ್ಟಿದ್ದೀನಿ, ರಂಗೋಲಿ ಅಂತ ಹೇಳಿದ್ದೀನಿ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಬಟ್ಟೆ ಎರಡೂವರೆ ಅಡಿ ಆಗಿದೆ. ಅಪ್ಪನ ಕಂದು ಸ್ಯಾಂಪಲ್ಲಿನ ಪಕ್ಕ ಒಂದು ಜಾಗ ಖಾಲಿ, ಐದು ಬೆರಳಗಲ. ಅಲ್ಲಿಗೆ ಗುಳೇದಗುಡ್ಡದ ಖಣ, ಅದೇ ಕುಬಸದ ಬಟ್ಟೆ, ಬೇಕು. ಇಲ್ಲಿ ಸಿಗೋದೆಲ್ಲಾ ಹೊಸ ಮೆಷೀನ್ ಮಾಲು, ಮಿಂಚುತ್ತೆ. ನಿಮ್ಮನೆ ಅತ್ತಿಗೆಯ ಹಳೇ ಕುಬಸದ್ದು ಒಂದು ತುಂಡು ಸಾಕು, ಕಂಕುಳ ಹತ್ತಿರದ್ದು ಬೇಡ, ಅಲ್ಲಿ ಬೆವರಿಗೆ ಬಟ್ಟೆ ಸತ್ತಿರುತ್ತೆ, ಬೆನ್ನಿನದ್ದು ಕಳಿಸು. ಒಗೀಬೇಡ, ಇಸ್ತ್ರಿ ಮಾಡಬೇಡ, ಸಾದಾ ಪೋಸ್ಟಲ್ಲಿ ಹಾಕು. ಮತ್ತೆ ಕತ್ತರಿ ಹಾಕೋಕೆ ಮುಂಚೆ ಅತ್ತಿಗೇನ ಒಂದು ಮಾತು ಕೇಳು ಮಾರಾಯ, ನಮ್ಮಕ್ಕ ಇನ್ನೂ ಸರಿಯಾಗಿ ಮಾತಾಡ್ತಿಲ್ಲ.

ಇಂತೀ ನಿನ್ನ,
ದರ್ಜಿ ಮಗ